ನಡುಮನೆಯಲ್ಲಿ ಮಜ್ಜಿಗೆ ಕಂಬ

ನಾನು ಸೊಸೆಯಾಗಿ ಹೋದ ಮನೆಯೊಳಗೆ ಯಾರೂ ಮಲಗುತ್ತಿರಲಿಲ್ಲ.

ಕಾಸಾರಶಿರಸಿಯ ಪೇಟೆ ಓಣಿಯಲ್ಲಿ ಅದು ದಾರಿಹೋಕರು ನಿಂತು ನೋಡುವಂಥ ಮನೆ. ಕರಿಗಲ್ಲಿನ ದಪ್ಪ ಗೋಡೆ, ಸಾಗವಾನಿಯ ತೊಲೆ, ಬಾಗಿಲ ಚೌಕಟ್ಟಿನ ಮೇಲೆ ಕೆತ್ತಿದ ಬಳ್ಳಿ, ತಲೆಯ ಮೇಲೆ ಮಣ್ಣಿನ ಮಾಳಿಗೆ. ಬಸವಕಲ್ಯಾಣದ ಕಡೆಯ ನನ್ನ ತವರಿನವರು ಹುಡುಗನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಆ ತೊಲೆಗಳನ್ನು ನೋಡಿ ಮದುವೆಗೆ ಒಪ್ಪಿದ್ದರು. ಆದರೆ ಮದುವೆಯಾಗಿ ಬಂದ ದಿನ, ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಕಾಲಿಟ್ಟವಳನ್ನು ಅತ್ತೆ ಒಂದು ಸುತ್ತು ಹಾಕಿಸಿ, ರಟ್ಟೆ ಹಿಡಿದು ಹೊರಗೆ ಕರೆತಂದು, ಅಂಗಳದ ಮೂಲೆಯ ತಗಡಿನ ಶೆಡ್ಡಿನಲ್ಲಿ ಚಾಪೆ ಹಾಸಿ ಕೂರಿಸಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ಮನೆ ಇಟ್ಟುಕೊಂಡು ಸೊಸೆಯನ್ನು ಕೊಟ್ಟಿಗೆಯಂಥ ಜಾಗಕ್ಕೆ ತಳ್ಳುತ್ತಾರಲ್ಲ ಎಂದು ಒಳಗೊಳಗೇ ಬೈದುಕೊಂಡೆ. ಸಂಜೆ ಮಾವ, ಅತ್ತೆ, ಗಂಡ ಎಲ್ಲರೂ ಅದೇ ಶೆಡ್ಡಿಗೆ ಬಂದು ಹಾಸಿಗೆ ಬಿಚ್ಚಿದಾಗ ಸಿಟ್ಟು ಇಳಿದು ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿತು.

ಭೂಕಂಪವಾಗಿ ಆಗ ಕೆಲವು ವರ್ಷಗಳಾಗಿದ್ದವು. ಆ ಭಾಗದ ಎಷ್ಟೋ ಊರುಗಳಲ್ಲಿ ಕಲ್ಲು ಮಣ್ಣಿನ ಮನೆಗಳೇ ಮಲಗಿದ್ದವರ ಮೇಲೆ ಬಿದ್ದಿದ್ದವು. ನಮ್ಮ ಮನೆ ಬೀಳಲಿಲ್ಲ. ಹಿಂದಿನ ಗೋಡೆಯ ಮೂಲೆ ಮೇಲಿನಿಂದ ಕೆಳತನಕ ಬಿರುಕು ಬಿಟ್ಟಿತು, ನಡುಮನೆಯ ದೊಡ್ಡ ತೊಲೆ ಒಂದು ಕಡೆ ಬಾಗಿತು. ಬಾಗಿದ ತೊಲೆಯ ಕೆಳಗೆ ಮಾವ ಒಂದು ಜಾಲಿಯ ಕಂಬ ನಿಲ್ಲಿಸಿ, ಸಂದಿಗೆ ಬೆಣೆ ಬಡಿಸಿದ್ದರು. ಅಂಥ ಆಸರೆಯ ಕಂಬಕ್ಕೆ ಅಲ್ಲಿ ಟೇಕು ಅನ್ನುತ್ತಾರೆ. ಅಂದಿನಿಂದ ಮನೆ ಸಾಮಾನಿಗೆ, ಶೆಡ್ಡು ಮನುಷ್ಯರಿಗೆ. ಇಷ್ಟಲಿಂಗ ಎಲ್ಲರ ಕೊರಳಲ್ಲೇ ಇದ್ದದ್ದರಿಂದ ದೇವರನ್ನು ಹೊರಗೆ ಸಾಗಿಸುವ ಕೆಲಸ ಮಾತ್ರ ತಪ್ಪಿತ್ತು.

ಒಳಗೆ ಹೋಗಲು ಒಂದು ಪದ್ಧತಿ ಇತ್ತು. ಯಾರೇ ಆಗಲಿ ಕಾಳು ತರಲು, ಪಾತ್ರೆ ತರಲು ಒಳಗೆ ಹೋದರೆ ಹೊರಬರುವ ತನಕ ಗಟ್ಟಿಯಾಗಿ ಮಾತಾಡುತ್ತಲೇ ಇರಬೇಕು. ಏನಾದರೂ ಆದರೆ ಯಾವ ಮೂಲೆಯಲ್ಲಿದ್ದಾರೆ ಎಂದು ಹೊರಗಿನವರಿಗೆ ತಿಳಿದಿರಬೇಕಲ್ಲ. ಮೊದಮೊದಲು ನನಗೆ ನಗು ಬರುತ್ತಿತ್ತು. ಒಬ್ಬಳೇ ಕತ್ತಲ ಕೋಣೆಯಲ್ಲಿ ನಿಂತು, "ಜ್ವಾಳದ ಚೀಲಾ ಬಿಚ್ಚಿದೆ, ಮರಾ ತುಂಬಿದೆ, ಚೀಲಾ ಕಟ್ಟಲಾಕತ್ತೀನಿ, ಬಂದೆ, ಬಂದೆ," ಎಂದು ಒದರಬೇಕಾಗಿತ್ತು. ಒಂದು ಉಸಿರು ತಡವಾದರೂ ಅಂಗಳದಿಂದ ಅತ್ತೆಯ ಕೂಗು ಬರುತ್ತಿತ್ತು: "ಮಾತಾಡವ್ವಾ! ಮಾತಾಡ!" ಬಾಗಿಲುಗಳ ಚಿಲಕವನ್ನೆಲ್ಲ ಕಿತ್ತುಹಾಕಿದ್ದರು, ಮತ್ತೆ ನಡುಗಿದರೆ ಬಾಗಿಲು ಸಿಕ್ಕಿಹಾಕಿಕೊಳ್ಳಬಾರದು ಎಂದು. ಭೂಕಂಪದ ದಿನ ನಾನು ತವರಿನಲ್ಲಿದ್ದೆ, ನಮ್ಮಲ್ಲಿ ಪಾತ್ರೆಗಳು ಸದ್ದು ಮಾಡಿ ಸುಮ್ಮನಾಗಿದ್ದವು ಅಷ್ಟೇ. ಆದರೂ ಒಂದು ವರ್ಷದೊಳಗೆ ಆ ಮನೆಯವರ ಹೆದರಿಕೆ ನನ್ನದೂ ಆಯಿತು. ಅಡುಗೆಯ ಕೈರುಚಿ ಕಲಿಯಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಮಗಳು ಹುಟ್ಟಿದ ಮೇಲೆ ಬರ ಬಂತು. ಒಂದು ವರ್ಷ ಮಳೆ ಕೈಕೊಟ್ಟಿತು, ಮರುವರ್ಷವೂ ಕೊಟ್ಟಿತು. ಪೇಟೆಯ ಅಂಗಡಿಗಳಲ್ಲಿ ವ್ಯಾಪಾರಿಗಳು ತಾವೇ ಒಬ್ಬರ ಅಂಗಡಿಯಲ್ಲಿ ಇನ್ನೊಬ್ಬರು ಕೂತು ಚಹಾ ಕುಡಿದು ಎದ್ದು ಬರುತ್ತಿದ್ದರು. ನಾವು ಎಮ್ಮೆ ಮಾರಿದೆವು. ಟ್ಯಾಂಕರ್ ಬಂದ ದಿನ ಕೊಡ ತುಂಬಿದರೆ ಮತ್ತೆ ಯಾವಾಗ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಇದನ್ನೆಲ್ಲ ಹೇಗೋ ತಾಳಬಹುದಿತ್ತು. ತಾಳಲಾಗದೆ ಹೋದದ್ದು ಆ ತಗಡು. ಚೈತ್ರದಲ್ಲೇ ಶೆಡ್ಡು ಹಂಚಿನಂತೆ ಕಾಯತೊಡಗಿತು. ಮಗುವಿನ ಮೈ ತುಂಬ ಬೆವರುಸಾಲೆ, ಹಗಲೆಲ್ಲ ಅಳು. ಒದ್ದೆ ಬಟ್ಟೆ ಹೊದಿಸೋಣವೆಂದರೆ ನೀರಿಗೆ ಲೆಕ್ಕ. ನಿಲಂಗಾದ ಡಾಕ್ಟರು ನೋಡಿ, "ಔಷಧಿ ಏನೂ ಬೇಡ, ತಂಪಾದ ಜಾಗದಲ್ಲಿಡಿ," ಎಂದು ಮರಾಠಿಯಲ್ಲಿ ಹೇಳಿ ಮುಂದಿನವರನ್ನು ಕರೆದರು.

ಇಡೀ ಊರಿನಲ್ಲೇ ತಂಪಾದ ಜಾಗ ನಮ್ಮ ನಡುಮನೆ. ಮಧ್ಯಾಹ್ನ ಮಗುವನ್ನೆತ್ತಿಕೊಂಡು ಹೊಸ್ತಿಲ ತನಕ ಹೋಗುತ್ತಿದ್ದೆ. ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ತಾಗುತ್ತಿತ್ತು, ಮಗು ಅಳು ನಿಲ್ಲಿಸಿ ಕಣ್ಣು ಮುಚ್ಚುತ್ತಿತ್ತು. ನಾನು ಒಳಗೆ ಕತ್ತಲಲ್ಲಿ ನಿಂತ ಆ ಕಂಬವನ್ನು ನೋಡುತ್ತಿದ್ದೆ. ಒಂದು ಹೆಜ್ಜೆ ಮುಂದಿಡಲು ಕಾಲು ಬರುತ್ತಿರಲಿಲ್ಲ. ವಾಪಸು ಶೆಡ್ಡಿಗೆ ಬಂದರೆ ಮತ್ತೆ ಅಳು. ಒಂದು ದಿನ ಜ್ವರ ನೆತ್ತಿಗೇರಿ ಮಗು ಕಣ್ಣು ಮೇಲೆ ಮಾಡಿತು. ಅಂದು ಇದ್ದ ನೀರನ್ನೆಲ್ಲ ಅದರ ತಲೆಗೆ ಸುರಿದು ಉಳಿಸಿಕೊಂಡೆವು. ಮರುದಿನ ಬೆಳಿಗ್ಗೆ ಮಾವ ಚಹಾದ ಬಟ್ಟಲು ಕೆಳಗಿಟ್ಟು, "ಮನಿ ಮಾರಿಬಿಡಮು. ಉಮರ್ಗಾದಾಗ ಒಂದು ಸ್ಲ್ಯಾಬಿನ ಮನಿ ನೋಡಮು. ಮುಂದಿನ ಬ್ಯಾಸಿಗಿ ಕೂಸ ಈ ತಗಡಿನ ಕೆಳಗ ಇರಬಾರದು," ಎಂದರು. ಗಂಡ ಆಗಲೇ ಉಮರ್ಗಾದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಅಂದೇ ದಲಾಲನಿಗೆ ಹೇಳಿಕಳಿಸಿದರು.

ದಲಾಲ ಬಂದ. ಬಾಯಿ ತುಂಬ ಗುಟ್ಕಾ, ಮಾತಿಗೆ ಮುಂಚೆ ಅಂಗಳದ ಮೂಲೆಗೆ ಹೋಗಿ ಉಗುಳಿ ಬರುತ್ತಿದ್ದ. ಮನೆಯನ್ನು ಹೊರಗಿನಿಂದಲೇ ಸುತ್ತಿ, ಬಾಗಿಲಲ್ಲಿ ಒಳಗೆ ಇಣುಕಿ ನೋಡಿ ಶೆಡ್ಡಿನ ಮುಂದೆ ನಿಂತ.

"ಸಾವಕಾರ್ರ, ಮನಿ ನೋಡ್ಲಾಕ ಬರಾವ್ರು ಗ್ವಾಡಿ ನೋಡಲ್ಲ, ಗ್ವಾಡಿ ಒಳಗಿನ ಮಂದೀನ ನೋಡ್ತಾರ. ಮಾಲಕ್ರೇ ಹೊರಗ ತಗಡಿನ ಕೆಳಗ ಕುಂತ್ರ ಅವರು ಒಳಗ ಕಾಲ ಇಡ್ತಾರೇನ್ರಿ? ಮೊದಲ ಈ ಶೆಡ್ಡ ತೆಗೀರಿ. ಆ ಟೇಕ ತೆಗೀರಿ. ಒಳಗ ಸಂಸಾರ ನಡದದ ಅನ್ನೂದು ಕಾಣಬೇಕು."

ಹೊರಡುವಾಗ ನನ್ನ ಕಡೆ ತಿರುಗಿ, "ಮತ್ತ ತಂಗೀ, ಒಳಗ ಹೋಗಿ ಹುಚ್ಚರಂಗ ಒದರಬ್ಯಾಡ್ರಿ," ಎಂದ. ನಮ್ಮ ಪದ್ಧತಿ ಊರಿಗೆಲ್ಲ ಗೊತ್ತಿತ್ತು ಎಂದು ನನಗೆ ತಿಳಿದದ್ದು ಆಗಲೇ.

ಉದಗೀರ ಕಡೆಯ ಕಾಳಿನ ವ್ಯಾಪಾರಿಯೊಬ್ಬರು ಇತ್ತ ಕರ್ನಾಟಕದ ಗಡಿಗೆ ಹತ್ತಿರ ಮನೆ ಹುಡುಕುತ್ತಿದ್ದರಂತೆ. ತಮ್ಮ ಊರಿನ ಮನೆ ಆಗಲೇ ಮಾರಿದ್ದಾರಂತೆ, ಕಲ್ಲಿನ ಮನೆಯೇ ಬೇಕಂತೆ. ಅಮಾವಾಸ್ಯೆ ಕಳೆದ ಮೇಲೆ ಬರುತ್ತಾರೆ ಎಂದು ದಲಾಲ ಹೇಳಿಹೋದ. ನಾವು ಮನೆಯನ್ನು ಮದುಮಗಳಂತೆ ಸಿಂಗರಿಸಲು ಕೂತೆವು.

ಸಿಂಗರಿಸಬೇಕೆಂದರೆ ಒಳಗೆ ಇರಬೇಕು, ಅದೂ ಹೊತ್ತುಗಟ್ಟಲೆ. ಆ ದಿನಗಳಷ್ಟು ನಾನು ಯಾವತ್ತೂ ಹೆದರಿಲ್ಲ. ಬಾಣಂತಿಯಾಗಿದ್ದಾಗಲೂ ಅಷ್ಟು ಹೆದರಿರಲಿಲ್ಲ. ಕುಡಿಯುವ ನೀರಿನಲ್ಲಿ ಉಳಿಸಿ ಸುಣ್ಣ ಕಲಸಿದೆವು. ಏಣಿ ಹತ್ತಿ ಬಿರುಕಿಗೆ ಜೇಡಿಮಣ್ಣು ಮೆತ್ತಿ ಮೇಲೆ ಸುಣ್ಣ ಬಳಿಯುವುದು ನನ್ನ ಪಾಲಿಗೆ ಬಂತು, ಅತ್ತೆಯ ಮೊಣಕಾಲು ಏಣಿಗೆ ಒಪ್ಪುತ್ತಿರಲಿಲ್ಲ. ಗೋಡೆಗೆ ಕೈ ಒತ್ತಿದಾಗ ಅದು ತಿರುಗಿ ನನ್ನನ್ನು ಒತ್ತಿದ ಹಾಗೆ ಅನ್ನಿಸುತ್ತಿತ್ತು. ಮೇಲೆ ಹಲ್ಲಿ ಓಡಿದರೂ ಏಣಿ ಇಳಿದು ಬಾಗಿಲಿಗೆ ಓಡುತ್ತಿದ್ದೆ. ಬಳಿದ ಸುಣ್ಣ ಸಂಜೆಗೆ ಒಣಗುತ್ತಿದ್ದಂತೆ ಬಿರುಕು ಮತ್ತೆ ಕೂದಲಿನೆಳೆಯಂತೆ ಮೂಡಿಬರುತ್ತಿತ್ತು. ಅತ್ತೆ ಅದನ್ನು ಮನುಷ್ಯನನ್ನು ಬೈಯುವ ಹಾಗೆ ಬೈಯುತ್ತಿದ್ದರು: "ಎಷ್ಟ ಬಾಯಿ ತೆಗಿತೀಯೋ ಮುಂಡೇದೇ, ಒಂದ್ ನಾಕ ದಿವ್ಸ ಮುಚ್ಕೊಂಡಿರು." ಕೊನೆಗೆ ಅದರ ಮುಂದೆ ಕಾಳಿನ ಚೀಲಗಳನ್ನು ಒಟ್ಟಿದೆವು. ಅರ್ಧ ಚೀಲಗಳಲ್ಲಿ ಹೊಟ್ಟು ತುಂಬಿತ್ತು.

ಇಷ್ಟು ಸಾಲದೆಂದು ಮಾವ ಒಂದು ಬಂಡಿ ಬಿಳಿ ಮಣ್ಣು ತರಿಸಿದರು. ಮಣ್ಣಿನ ಮಾಳಿಗೆಗೆ ವರ್ಷವೂ ಹೊಸ ಮಣ್ಣು ಹಾಕಿ ಬಡಿಯುವುದು ಅಲ್ಲಿಯ ರೂಢಿ. ಭೂಕಂಪವಾದ ಮೇಲೆ ಅವರು ಅದನ್ನು ಬಿಟ್ಟಿದ್ದರು. ಈಗ ಮಾಳಿಗೆ ಹಳೆಯದಾಗಿ ಕಾಣಬಾರದಲ್ಲ. ಮಾವನೆದುರು ಅಲ್ಲಿಯ ತನಕ ಬಾಯಿ ಬಿಡದ ನಾನು ಅಂದು, "ಮ್ಯಾಲ ಇನ್ನೂ ಮಣ್ಣ ಹಾಕಬ್ಯಾಡ್ರಿ ಮಾವಾ," ಎಂದೆ. ಅವರು ನನ್ನನ್ನು ನೋಡಿದರು, ಮಗುವನ್ನು ನೋಡಿದರು. "ಕಾಣ್ಲಾಕ ಬೇಕಲ್ಲವ್ವಾ," ಎಂದು ಮೆಲ್ಲಗೆ ಹೇಳಿ ಮೇಲೆ ಹತ್ತಿದರು. ಅವರು ಮೇಲೆ ಮಣ್ಣು ಬಡಿಯುವಾಗ ನಾನೂ ಅತ್ತೆಯೂ ಅಂಗಳದಲ್ಲಿ ನಿಂತು ಗೋಡೆಯನ್ನೇ ನೋಡುತ್ತಿದ್ದೆವು.

ಉಳಿದದ್ದು ಟೇಕು. ಅದನ್ನು ತೆಗೆಯಲು ಗಂಡ ಸುತ್ತಿಗೆ ಹಿಡಿದು ಬೆಣೆಗೆ ಒಂದು ಪೆಟ್ಟು ಕೊಟ್ಟರು, ಮೆಲ್ಲನೆಯ ಪೆಟ್ಟು. ತೊಲೆ ಕಿರ್ರೆಂದಿತು. ಮೇಲಿನಿಂದ ಒಂದು ಹಿಡಿ ಮಣ್ಣು ಅವರ ತಲೆಯ ಮೇಲೆ ಬಿತ್ತು. ಅತ್ತೆ ಓಡಿಹೋಗಿ ಮಗನ ಕೈ ಹಿಡಿದುಕೊಂಡು ಹೊರಗೆಳೆದರು. ಆಮೇಲೆ ಅತ್ತೆಯ ಮುಖದಲ್ಲಿ ಏನೋ ಹೊಳೆಯಿತು.

"ಇದು ಟೇಕಂತ ಯಾರಂದ್ರು? ಇದು ಮಜ್ಜಿಗಿ ಕಡಿಯೋ ಕಂಬ," ಎಂದರು.

ಅತ್ತೆಯ ಧೈರ್ಯಕ್ಕೆ ನಾನು ದಂಗಾದೆ. ಕಂಬಕ್ಕೆ ಹುರಮಂಜು ಬಳಿದು ಕೆಂಪಗೆ ಮಾಡಿದರು. ಅಟ್ಟದ ಮೇಲಿದ್ದ ಹಳೆಯ ಕಡಗೋಲು ಇಳಿಸಿ, ಎರಡು ಹಗ್ಗದ ಕುಣಿಕೆಯಲ್ಲಿ ಅದನ್ನು ಕಂಬಕ್ಕೆ ಸಿಕ್ಕಿಸಿ, ಜಗ್ಗುವ ಹಗ್ಗ ಸುತ್ತಿದರು. ಕೆಳಗೆ ಸಿಂಬಿ, ಸಿಂಬಿಯ ಮೇಲೆ ದೊಡ್ಡ ಗಡಿಗೆ. ಎಮ್ಮೆ ಮಾರಿದವರ ಮನೆಯಲ್ಲಿ ಮೊಸರೆಲ್ಲಿಯದು? ಓಣಿಯ ಕೊನೆಯ ಮನೆಯಿಂದ ಒಂದು ತಂಬಿಗೆ ಮಜ್ಜಿಗೆ ತಂದು, ಅದಕ್ಕೆ ನೀರು ಬೆರೆಸಿ ಗಡಿಗೆಯ ತಳ ಮುಚ್ಚಿದರು. ಕಡೆಯುವ ಕಂಬ ಯಾರ ಮನೆಯಲ್ಲೂ ನಡುಮನೆಯ ನಟ್ಟನಡುವೆ ಇರುವುದಿಲ್ಲ, ಅಡುಗೆಮನೆಯ ಗೋಡೆಗೆ ಹತ್ತಿರ ಇರುತ್ತದೆ. ನಾನು ಹಾಗೆಂದಾಗ ಅತ್ತೆ, "ಬರಾವ್ರು ಗಂಡಸರು. ಮಜ್ಜಿಗಿ ಎಲ್ಲಿ ಕಡೀತಾರಂತ ಯಾವ ಗಂಡಸಿಗಿ ಗೊತ್ತದ?" ಎಂದು ನಕ್ಕರು. ಆ ಮನೆಯೊಳಗೆ ನಿಂತು ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದೆ.

ಶೆಡ್ಡು ಬಿಚ್ಚಿ ತಗಡುಗಳನ್ನು ಹಿತ್ತಿಲಲ್ಲಿ ಒಟ್ಟಿದೆವು. ಕಂಬದ ಕುಳಿಗಳನ್ನು ಮುಚ್ಚಿ ಸಗಣಿಯಿಂದ ಸಾರಿಸಿದೆವು. ಮಲಗುವುದಕ್ಕೆ ತೊಂದರೆಯಾಗಲಿಲ್ಲ. ಬೇಸಿಗೆಯಲ್ಲಿ ಅಂಗಳದಲ್ಲಿ ಹಾಸಿಗೆ ಹಾಸಿದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ.

ಅವರು ಬಂದದ್ದು ಸುಡುಮಧ್ಯಾಹ್ನ, ಜೀಪಿನಲ್ಲಿ. ಮೊದಲು ದಲಾಲ ಇಳಿದ, ಆಮೇಲೆ ವ್ಯಾಪಾರಿ ಇಳಿದರು. ಆಮೇಲೆ ಜೀಪಿನೊಳಗಿಂದ ಒಂದು ಬಡಿಗೆ, ಅದರ ಹಿಂದೆ ಒಬ್ಬ ಮುದುಕಿ. ವ್ಯಾಪಾರಿಯ ತಾಯಿ. ಅತ್ತೆ ಒಮ್ಮೆ ಒಳಗಿನ ಕಂಬದ ಕಡೆ ತಿರುಗಿ ನೋಡಿದರು.

"ಶರಣ್ರಿ. ಮನ್ಯಾಗ ಇರಾಕಿ ನಾ, ಅದಕ ನೋಡಾಕಿನೂ ನಾನೇ," ಎಂದು ಮುದುಕಿ ನೇರವಾಗಿ ಒಳಗೆ ನಡೆದರು.

ನಮ್ಮ ಕಡೆ ವಯಸ್ಸಾದವರನ್ನು ಆಯಿ ಅನ್ನುತ್ತೇವೆ. ಆ ಆಯಿ ನಡುಮನೆಗೆ ಬಂದು, ಬಿಸಿಲಿಗೆ ಕೆಂಪಾದ ಮುಖ ಸೆರಗಿನಲ್ಲಿ ಒರೆಸಿಕೊಂಡು, "ಏ ನಮ್ಮವ್ವಾ, ಏನ್ ತಂಪದ ಇಲ್ಲಿ! ಹೊರಗ ಬೆಂಕಿ ಸುರಿಲಾಕತ್ತದ," ಎಂದು ತೊಲೆಯ ಕೆಳಗೇ ಕಾಲು ಚಾಚಿ ಕೂತರು. ಕೂತವರ ಎದುರು ನಾನು ನಿಲ್ಲುವ ಹಾಗಿರಲಿಲ್ಲ. ಕೂತೆ. ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡರೆ, "ನೆಲದ ಮ್ಯಾಲ ಹಾಕು, ನೆಲಾ ತಂಪದ," ಎಂದು ಆಯಿಯೇ ತಮ್ಮ ಹೊದಿಕೆ ಹಾಸಿಕೊಟ್ಟರು. ಮಗು ಮಗ್ಗುಲಾಯಿತು, ಕೈಕಾಲು ಸಡಿಲ ಬಿಟ್ಟಿತು, ನಿದ್ದೆ ಹೋಯಿತು. ಎಷ್ಟೋ ವಾರಗಳಲ್ಲಿ ಅದು ಹಾಗೆ ಮಲಗಿದ್ದೇ ಇಲ್ಲ. ಅದರ ಮೂಗಿನ ಮೇಲೆ ಬೆವರಿರಲಿಲ್ಲ. ನನಗೆ ಆಸೆಯಾಯಿತು, ಭಯವೂ ಆಯಿತು. ಎತ್ತಿಕೊಂಡು ಓಡಬೇಕು, ಎಬ್ಬಿಸಬಾರದು, ಎರಡೂ ಒಟ್ಟಿಗೇ ಅನ್ನಿಸಿ ಕೂತಲ್ಲೇ ಕೂತೆ.

ಗಂಡಸರೆಲ್ಲ ಮಾಳಿಗೆ ನೋಡಲು ಮೇಲೆ ಹತ್ತಿದರು. ದಲಾಲನ ಮಾತು, ನಾಲ್ಕು ಜನರ ಹೆಜ್ಜೆ, ಎಲ್ಲ ನಮ್ಮ ತಲೆಯ ಮೇಲೆ.

ಆಯಿ ತಮ್ಮ ಊರಿನ ಸುದ್ದಿ ಹೇಳುತ್ತಿದ್ದರು. ನಿಲಂಗಾದಿಂದ ಉದಗೀರಕ್ಕೆ ಹೋಗುವ ದಾರಿಯಲ್ಲೇ ಅವರ ಊರು, ಬಸ್ಸು ನಿಲ್ಲುವ ಬೇವಿನ ಮರದ ಎದುರಿಗೆ ಅವರು ಮಾರಿದ ಮನೆ, ನೀಲಿ ಬಾಗಿಲು. ಹೇಳುತ್ತ ಹೇಳುತ್ತ ಕಣ್ಣು ಕಂಬದ ಮೇಲೆ ಬಿತ್ತು.

"ಕಡಿಯೋ ಕಂಬಾ ನಡುಮನ್ಯಾಗ್ಯಾಕ ಹುಗದೀರಿ ಬಾಯೀ?"

ಅತ್ತೆ ತಡವರಿಸಲಿಲ್ಲ. "ಅಡಿಗಿ ಮನ್ಯಾಗ ಸೆಕಿ ಭಾಳ ರೀ ಅಕ್ಕಾರ. ಬೆಣ್ಣಿ ಕರಗಿಹೋಗ್ತದ. ಇಲ್ಲಿ ತಂಪ್ನಾಗ ಛಲೋ ಬರ್ತದ."

"ಶಾಣೇಕಿ ಇದ್ದೀ ಬಿಡು," ಎಂದರು ಆಯಿ. ಅತ್ತೆ ಗೆದ್ದವರ ಹಾಗೆ ಚಹಾ ಮಾಡಲು ಅಂಗಳದ ಒಲೆಯ ಕಡೆ ಹೋದರು. ಹೋದದ್ದೇ ತಡ, ಆಯಿ ಕೂತಲ್ಲೇ ಸರಿದು ಗಡಿಗೆಯ ಮುಂದೆ ಬಂದರು. "ಎಷ್ಟ ವರ್ಷಾತು ಕಡದು. ಸೊಸಿ ಈಗ ಕೈ ಹಚ್ಚಗೊಡಲ್ಲ," ಎಂದು ಹಗ್ಗದ ಎರಡೂ ತುದಿ ಕೈಗೆ ತೆಗೆದುಕೊಂಡರು.

ಬೇಡ ಅನ್ನಬೇಕಿತ್ತು. ಬಾಯಿಯೇ ಏಳಲಿಲ್ಲ.

ವಯಸ್ಸಾದರೂ ಆ ಕೈಗಳಲ್ಲಿ ಕಸುವಿತ್ತು. ಬಲಗೈ ಜಗ್ಗಿದರು, ಎಡಗೈ ಜಗ್ಗಿದರು. ಗಡಿಗೆಯಲ್ಲಿ ನೀರು ಮಜ್ಜಿಗೆ ಭುಳುಭುಳು ಅಂದಿತು. ಪ್ರತಿ ಜಗ್ಗಿಗೂ ಕಂಬ ಒಂದಿಷ್ಟು ಈಚೆ, ಒಂದಿಷ್ಟು ಆಚೆ. ನಾನು ಮೇಲೆ ನೋಡಿದೆ. ಗಂಡನ ಸುತ್ತಿಗೆ ಪೆಟ್ಟು ತಿಂದ ಆ ಬೆಣೆ ಆಗಲೇ ಅರ್ಧ ಹೊರಗೆ ಬಂದಿತ್ತು. ಆಯಿ ಜಗ್ಗಿದಾಗಲೆಲ್ಲ ಇನ್ನಷ್ಟು ಹೊರಬರುತ್ತಿತ್ತು. ಮೇಲೆ ಯಾರೋ ನಡೆದರು. ತೊಲೆ ಮತ್ತು ಜಂತಿಯ ನಡುವಿನಿಂದ ಮಣ್ಣು ಸಣ್ಣಗೆ, ಹಿಟ್ಟು ಜರಡಿ ಹಿಡಿದ ಹಾಗೆ ಉದುರತೊಡಗಿತು. ಅದು ಗಡಿಗೆಯೊಳಗೆ ಬಿತ್ತು, ಆಯಿಯ ಬಿಳಿ ತಲೆಯ ಮೇಲೆ ಬಿತ್ತು, ಮಲಗಿದ್ದ ಮಗಳ ಹೊಟ್ಟೆಯ ಮೇಲೆ ಬಿತ್ತು. ಕೂಗಿದರೆ ಮನೆ ಹೋಯಿತು. ಉಮರ್ಗಾ ಹೋಯಿತು, ಮುಂದಿನ ಬೇಸಿಗೆ ಮತ್ತೆ ತಗಡು, ಮತ್ತೆ ಕಣ್ಣು ಮೇಲೆ ಮಾಡುವ ಮಗು. ಕೂಗದಿದ್ದರೆ ಈಗಲೇ, ಇಲ್ಲೇ. ಇದೆಲ್ಲ ಗೊತ್ತಿದ್ದೂ ನಾನು ಕಲ್ಲಾಗಿ ಕೂತಿದ್ದೆ.

ಅಷ್ಟರಲ್ಲಿ ಅಂಗಳದಿಂದ ಕೂಗು ಬಂತು. ಒಳಗೆ ದನಿ ನಿಂತದ್ದು ಅತ್ತೆಯ ಕಿವಿಗೆ ಬಿದ್ದಿತ್ತು. ನೋಡಲು ಬಂದವರಿದ್ದಾರೆ, ದಲಾಲ ಬೇಡವೆಂದಿದ್ದಾನೆ ಎಂಬುದೆಲ್ಲ ಮರೆತು, ಎಂದಿನ ರೂಢಿಯಂತೆ ಕೂಗಿಬಿಟ್ಟರು.

"ಮಾತಾಡವ್ವಾ! ಮಾತಾಡ!"

ನನ್ನ ಬಾಯಿ ತಾನಾಗಿ ತೆರೆಯಿತು. "ಅದು ಕಡಿಯೋ ಕಂಬ ಅಲ್ರೀ ಆಯೀ! ಟೇಕದ! ಮಾಳಿಗಿ ಟೇಕ! ಹಗ್ಗಾ ಬಿಡ್ರಿ!" ಎನ್ನುತ್ತ ಎದ್ದು ಕಂಬವನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದೆ. ಹುರಮಂಜು ಸೀರೆಗೆಲ್ಲ ಮೆತ್ತಿತು. ಮಾಳಿಗೆ ಬಿದ್ದರೆ ನನ್ನ ತೋಳು ಅದನ್ನು ಹಿಡಿಯುತ್ತದೆಯೇ ಎಂದು ಈಗ ನಗು ಬರುತ್ತದೆ. ಅಂದು ನನಗೆ ಅದೇ ತೋಚಿತು.

ಆಯಿ ಕೂಗಲಿಲ್ಲ. ಹಗ್ಗವನ್ನು ಮೆಲ್ಲಗೆ ನೆಲಕ್ಕಿಟ್ಟರು. ಮೇಲೆ ನೋಡಿದರು, ಗಡಿಗೆಯೊಳಗೆ ನೋಡಿದರು. "ನೀ ಹಿಡಕೊಂಡಿದ್ದು ಸಾಕು. ಕೂಸಿನ್ನ ಎತ್ಕೋ," ಎಂದು ಪಿಸುಗುಟ್ಟಿ ತಾವು ಗೋಡೆ ಹಿಡಿದು ಎದ್ದರು. ನಾವು ಮೂವರೂ ಸದ್ದಿಲ್ಲದೆ ಹೊರಗೆ ಬಂದೆವು. ದಲಾಲನ ಮಾತಿನಲ್ಲಿ ನನ್ನ ಕೂಗು ಕೇಳಿಸದೆ ಇನ್ನೂ ಮಾಳಿಗೆಯ ಮೇಲೇ ಇದ್ದ ಗಂಡಸರನ್ನು ಆಯಿ, ಚಹಾ ಆಯಿತು ಇಳಿದು ಬನ್ನಿ ಎಂದು ಕರೆದರು. ಬಿಸಿಲಿಗೆ ಮಗು ಎದ್ದು ಅಳತೊಡಗಿತು.

ಅಂಗಳದಲ್ಲಿ ಆಯಿಯ ಬಡಿಗೆ ಮೆತ್ತಗಿನ ಮಣ್ಣಿನಲ್ಲಿ ಇಳಿಯಿತು. ನಾವು ಮುಚ್ಚಿದ್ದ ಕುಳಿ. ಅವರು ನೋಡಿದರು, ಅದರಾಚೆ ಇನ್ನೊಂದು ಕುಳಿಯನ್ನೂ ನೋಡಿದರು. "ಇಲ್ಲಿ ಶೆಡ್ಡ ಇತ್ತಲ್ಲಾ?" ಎಂದರು. ಅತ್ತೆ ತಲೆ ತಗ್ಗಿಸಿದರು. "ಮತ್ತ ಮಾತಾಡಂತ ಯಾಕ ಒದರಿದಿ?" ಎಂದು ಕೇಳಿದಾಗ ಅತ್ತೆ ಅಳುತ್ತಳುತ್ತ ನಮ್ಮ ಪದ್ಧತಿ ಹೇಳಿದರು. ಆಯಿ ಎಲ್ಲ ಕೇಳಿಸಿಕೊಂಡು, ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದರೆ, ಜೀಪಿನ ನೆರಳಿಗೆ ಹೋಗಿ ನಿಂತು ನನ್ನನ್ನು ಕರೆದರು.

"ನಮ್ಮ ಮನ್ಯಾಗೂ ಹಿಂತಾದೇ ಟೇಕ ಇತ್ತವ್ವಾ. ಮಾರಾಗ ಅದಕ್ಕೊಂದು ಸೀರಿ ಜೋಲಿ ಕಟ್ಟಿ ಮೊಮ್ಮಗಳನ್ನ ಮಲಗಿಸಿದ್ದೆ. ನೋಡ್ಲಾಕ ಬಂದವರು ಕೂಸಿನ ಮಾರಿ ನೋಡಿದ್ರು. ಕಂಬಾ ಯಾರೂ ನೋಡಲಿಲ್ಲ."

"ತೊಗೊಂಡ್ರೇನ್ರಿ?"

"ತೊಗೊಂಡ್ರು. ಈಗ ಅವರೂ ಅದಕ್ಕೇ ಜೋಲಿ ಕಟ್ಟ್ಯಾರಂತ. ತಿಂಗಳ ಕೂಸದ."

"ಅವರಿಗಿ ಹೇಳ್ತೀರೇನ್ರಿ ಆಯೀ?" ಎಂದು ಕೇಳಿದೆ. ಅಷ್ಟರಲ್ಲಿ ಗಂಡಸರು ಇಳಿದು ಬಂದರು. ವ್ಯಾಪಾರಿ ಖುಷಿಯಲ್ಲಿದ್ದರು, ಮಾಳಿಗೆಯ ಮಣ್ಣು ಬಹಳ ಹಿಡಿಸಿತ್ತು. ಆಯಿ ಮಗನಿಗೆ, "ಈ ಮನಿ ಬ್ಯಾಡ," ಎಂದಷ್ಟೇ ಹೇಳಿ ಜೀಪು ಹತ್ತಿದರು. ಜೀಪು ತಿರುಗುವ ತನಕ ನನ್ನ ಮಗಳನ್ನೇ ನೋಡುತ್ತಿದ್ದರು.

ಒಳಗೆ ನಡೆದದ್ದು ತಿಳಿದು ದಲಾಲ ಬಾಯಿಗೆ ಬಂದಂತೆ ಬೈದ. ಗಂಡ ನನ್ನ ಕೂಡ ಮಾತು ಬಿಟ್ಟರು. ಅತ್ತೆ ಮಾತ್ರ ಹತ್ತಿರ ಬಂದು ನನ್ನ ಸೀರೆಗೆ ಮೆತ್ತಿದ ಹುರಮಂಜು ಉಜ್ಜುತ್ತ ಕೂತರು. ಅದು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಸಲಿಕೆ ಹಿಡಿದು ಮಾಳಿಗೆ ಹತ್ತಿದರು. ಮೊದಲು ಮೊನ್ನೆ ಹಾಕಿದ ಮಣ್ಣು ಕೆಳಗೆ ಬಿತ್ತು. ಸಾಕಲ್ಲ ಎಂದುಕೊಂಡರೆ ಅವರು ನಿಲ್ಲಿಸಲಿಲ್ಲ. ಅದರ ಕೆಳಗಿನದು, ಅದರ ಕೆಳಗಿನದು, ಬಿಳಿ, ಬೂದು, ಮತ್ತೆ ಬಿಳಿ, ವರ್ಷವರ್ಷವೂ ಬಡಿದು ಕೂರಿಸಿದ ಮಣ್ಣೆಲ್ಲ ಹೆಂಟೆಹೆಂಟೆಯಾಗಿ ಅಂಗಳಕ್ಕೆ ಬರತೊಡಗಿತು. ನಾವು ಕೆಳಗಿನಿಂದ ನೋಡುತ್ತಿದ್ದೆವು. "ನಮ್ಮಪ್ಪ ಹಾಕಿದ, ನಾನೂ ಹಾಕ್ದೆ. ಯಾರರೇ ಒಬ್ರು ತೆಗೀಬೇಕಲ್ಲ," ಎಂದು ಮೇಲಿನಿಂದಲೇ ಹೇಳಿದರು. ಕೊನೆಗೆ ಗೇಣು ದಪ್ಪದ ಮಣ್ಣು ಮಾತ್ರ ಉಳಿಯಿತು. ಅಂದು ಸಂಜೆ ಅತ್ತೆ ಒಳಗೆ ಹೋಗಿ ಕಂಬ ಮುಟ್ಟಿದರೆ ಅದು ಒಂದೇ ಕೈಗೆ ಅಲುಗಿತು. ತೊಲೆಯ ಭಾರವೇ ಅದರ ಮೇಲಿರಲಿಲ್ಲ. ಆದರೂ ಅದನ್ನು ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ, ಮತ್ತೆ ಬೆಣೆ ಬಡಿದೆವು. ಉಳಿದ ಬೇಸಿಗೆ ಮಧ್ಯಾಹ್ನಗಳಲ್ಲಿ ಮಗು ನಡುಮನೆಯಲ್ಲಿ, ಬಾಗಿಲ ಹತ್ತಿರ ಮಲಗಿತು. ನಾನು ಪಕ್ಕದಲ್ಲಿ ಕೂತು ಬಾಯಿ ನೋಯುವ ತನಕ ಮಾತಾಡುತ್ತಿದ್ದೆ. ಅದಕ್ಕೆ ಅದೇ ಜೋಗುಳವಾಯಿತು.

ಆ ವರ್ಷ ಮಳೆ ಬಂತು. ಎರಡು ವರ್ಷ ಬಾರದ್ದೆಲ್ಲ ಒಟ್ಟಿಗೇ ಬಂದ ಹಾಗೆ ಬಂತು. ಓಣಿಯ ಜನ ಬೀದಿಯಲ್ಲಿ ನಿಂತು ನೆನೆದರು, ಪೇಟೆಯವರು ಸಕ್ಕರೆ ಹಂಚಿದರು. ನಾನು ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಿದ್ದಾಗ ಒಮ್ಮೆಲೇ ಹೊಳೆಯಿತು. ಮಣ್ಣಿನ ಮಾಳಿಗೆ ಒಣಗಿದ್ದಾಗಲೇ ಅಷ್ಟು ಭಾರ. ನೆನೆದರೆ? ನಮ್ಮದು ಹಗುರಾಗಿತ್ತು. ಆ ನೀಲಿ ಬಾಗಿಲಿನ ಮನೆಯದು? ಅದರ ಟೇಕಿಗೆ ಕಟ್ಟಿದ ಜೋಲಿ? ನಾನು ಕಾಣದ ಮನೆ, ಕಾಣದ ಮಗು. ಮಳೆ ಸುರಿದಷ್ಟೂ ದಿನ ಊಟ ಸೇರಲಿಲ್ಲ. ಮಾತು ಬಿಟ್ಟಿದ್ದ ಗಂಡನ ಕೂಡ ನಾನೇ ಮಾತಾಡಿದೆ. ಅಂಗಡಿಯ ಕೆಲಸಕ್ಕೆ ಉದಗೀರಕ್ಕೆ ಹೋಗುವುದಿತ್ತು ಅವರಿಗೆ, ನನ್ನನ್ನೂ ಕರೆದುಕೊಂಡು ಹೋಗಿ ಎಂದು ಹಟ ಹಿಡಿದೆ. ಹುಚ್ಚು ಹಿಡಿದಿದೆ ಅಂದರು. ಕರೆದುಕೊಂಡು ಹೋದರು.

ಬಸ್ಸು ಬೇವಿನ ಮರದ ಕೆಳಗೆ ನಿಂತಾಗ ಇನ್ನೂ ಜಿನುಗುತ್ತಿತ್ತು. ಕಂಡಕ್ಟರ್ ಚಹಾಕ್ಕೆ ಇಳಿದ. ನಾನು ಮಗಳನ್ನು ಗಂಡನ ಕೈಗೆ ಕೊಟ್ಟು ಇಳಿದು ರಸ್ತೆ ದಾಟಿದೆ. ನೀಲಿ ಬಾಗಿಲು ಇತ್ತು. ಗೋಡೆ ನಿಂತಿತ್ತು. ಬಾಗಿಲು ತೆರೆದಿತ್ತು, ಚಿಲಕ ಇದ್ದ ಜಾಗದಲ್ಲಿ ಬರಿ ಮೊಳೆಯ ತೂತು. ಕಾಂಪೌಂಡಿನ ಒಳಗೆ ಹೊಳೆಯುವ ಹೊಸ ತಗಡಿನ ಶೆಡ್ಡು, ಅದರಲ್ಲಿ ಒಂದು ಜೋಲಿ ತೂಗುತ್ತಿತ್ತು. ನಾನು ಹೊರಗೇ ನಿಂತೆ. ಮನೆಯ ಒಳಗಿನಿಂದ ಯಾವಳೋ ಹೆಣ್ಣುಮಗಳ ದನಿ ಬರುತ್ತಿತ್ತು. ಯಾರೂ ಅವಳಿಗೆ ಉತ್ತರ ಕೊಡುತ್ತಿರಲಿಲ್ಲ. ಅವಳು ಒಬ್ಬಳೇ, ಗಟ್ಟಿಯಾಗಿ, ತಡವಿಲ್ಲದೆ ಹೇಳುತ್ತಿದ್ದಳು:

"ಡಬ್ಬಿ ತೆಗದೆ, ಬ್ಯಾಳಿ ತೊಗೊಂಡೆ, ಮುಚ್ಚಳಾ ಹಾಕ್ಲಾಕತ್ತೀನಿ, ಬಂದೆ, ಬಂದೆ."